ಸಂವೇದಕ ಸುಳ್ಳು ಹೇಳಿದಾಗ: ರಾಕೆಟ್ ಎಂಜಿನ್ನಿಗೆ ಮೂರು ನಿಯಂತ್ರಕಗಳ ಹೋಲಿಕೆ

ದ್ರವ ಇಂಧನದ ರಾಕೆಟ್ ಎಂಜಿನ್ನಿಗೆ ಯಾವ ನಿಯಂತ್ರಕ ಒಳ್ಳೆಯದೆಂದು ಕೇಳಿದರೆ, ಕೇಳಿದಷ್ಟು ನೂಕುಬಲವನ್ನು ಅದು ಎಷ್ಟು ನಿಖರವಾಗಿ ಹಿಡಿದಿಡುತ್ತದೆ ಎಂಬುದನ್ನೇ ಸಾಮಾನ್ಯವಾಗಿ ಅಳೆಯಲಾಗುತ್ತದೆ. ನಾನೂ ಹಾಗೆಯೇ ಆರಂಭಿಸಿದ್ದೆ. ಅಮೆರಿಕದ ಸ್ಪೇಸ್ ಶಟಲ್‌ನ ಮುಖ್ಯ ಎಂಜಿನ್ನನ್ನು ಹೋಲುವ, ಆದರೆ ಅದಕ್ಕಿಂತ ಎಷ್ಟೋ ಸರಳವಾದ ಗಣಿತ ಮಾದರಿಯೊಂದನ್ನು ಮನೆಯ ಲ್ಯಾಪ್‌ಟಾಪಿನಲ್ಲಿ ಬರೆದುಕೊಂಡು, ಅದಕ್ಕೆ ಮೂರು ನಿಯಂತ್ರಕಗಳನ್ನು ಸರದಿಯಂತೆ ಜೋಡಿಸಿ ನೋಡಿದೆ: ಗುರಿಗೂ ಅಳತೆಗೂ ಇರುವ ಅಂತರವನ್ನು ನೋಡಿ ತಿದ್ದುತ್ತ ಹೋಗುವ ಹಳೆಯ ಪಿಐಡಿ, ಮುಂದಿನ ಕೆಲವು ಕ್ಷಣಗಳನ್ನು ಮೊದಲೇ ಲೆಕ್ಕ ಹಾಕಿ ನಿರ್ಧರಿಸುವ ಎಂಪಿಸಿ, ಮತ್ತು ಪ್ರಯತ್ನ-ಪ್ರಮಾದಗಳಿಂದ ತಾನಾಗಿಯೇ ಕಲಿಯುವ ನರಜಾಲ. ನಿಜವಾದ ಎಂಜಿನ್ ನನ್ನ ಕೈಗೆಟುಕುವ ವಸ್ತುವಲ್ಲ. ಇಲ್ಲಿ ಹೇಳುವುದೆಲ್ಲ ಆ ಮಾದರಿಯ ಮಿತಿಯೊಳಗಿನದು.

ಶಟಲ್‌ನ ಎಂಜಿನ್ನನ್ನೇ ಆರಿಸಿಕೊಳ್ಳಲು ಕಾರಣವಿದೆ. ಅದರ ಕಂಪ್ಯೂಟರ್ 20 ಮಿಲಿಸೆಕೆಂಡಿಗೊಮ್ಮೆ ಲೆಕ್ಕ ಮಾಡಿ, ಪಂಪುಗಳ ಟರ್ಬೈನ್‌ಗಳನ್ನು ತಿರುಗಿಸುವ ಬಿಸಿ ಅನಿಲ ಹುಟ್ಟಿಸುವ ಸಣ್ಣ ಕೊಠಡಿಗಳಾದ ಎರಡು ಪ್ರೀಬರ್ನರ್‌ಗಳಿಗೆ ಹೋಗುವ ಆಮ್ಲಜನಕದ ವಾಲ್ವ್‌ಗಳ ಪೈಕಿ ಒಂದರಿಂದ ದಹನ ಕೊಠಡಿಯ ಒತ್ತಡವನ್ನೂ ಇನ್ನೊಂದರಿಂದ ಮಿಶ್ರಣ ಅನುಪಾತವನ್ನೂ ಹತೋಟಿಯಲ್ಲಿಡುತ್ತಿತ್ತು. ಅನುಪಾತ ಸುಮಾರು 6, ಅಂದರೆ ಒಂದು ಕಿಲೋ ಜಲಜನಕಕ್ಕೆ ಆರು ಕಿಲೋ ಆಮ್ಲಜನಕ. ಎಲ್ಲಕ್ಕಿಂತ ಮಿಗಿಲಾಗಿ, ಆ ಎಂಜಿನ್ನಿನ ಎರಡು ಹಾರಾಟಗಳು ಯಾವ ನಿಯಂತ್ರಕಕ್ಕಾದರೂ ಸಿದ್ಧ ಪ್ರಶ್ನೆಪತ್ರಿಕೆಯಂತಿವೆ. 1985ರ ಜುಲೈ 29ರಂದು ಹೊರಟ ಎಸ್‌ಟಿಎಸ್-51-ಎಫ್‌ನಲ್ಲಿ ಮಧ್ಯದ ಎಂಜಿನ್ನಿನ ಟರ್ಬೈನ್ ಉಷ್ಣತೆಯ ಸಂವೇದಕಗಳು ಒಂದಾದ ಮೇಲೊಂದು ಕೆಟ್ಟು, ಹಾರಾಟದ 5 ನಿಮಿಷ 45ನೆಯ ಸೆಕೆಂಡಿನಲ್ಲಿ ಯಾವ ದೋಷವೂ ಇಲ್ಲದ ಎಂಜಿನ್ ಬಂದಾಯಿತು. 1999ರ ಜುಲೈನ ಎಸ್‌ಟಿಎಸ್-93ರಲ್ಲಿ ಇದಕ್ಕೆ ತಿರುವುಮುರುವು: ಕಿತ್ತುಬಂದ ಸಣ್ಣದೊಂದು ಪಿನ್ ನಾಝಲ್‌ನ ಮೂರು ತಂಪುನಳಿಕೆಗಳನ್ನು ಸೀಳಿ ಜಲಜನಕ ಸೋರಲಾರಂಭಿಸಿತು. ಹರಿವಿನ ಮಾಪಕವನ್ನು ದಾಟಿದ ಮೇಲೆ ಸೋರಿದ್ದರಿಂದ ಕಂಪ್ಯೂಟರಿಗೆ ಅದು ಗೊತ್ತಾಗಲಿಲ್ಲ. ಒತ್ತಡವನ್ನು ಕಾಯ್ದುಕೊಳ್ಳಲು ಆಮ್ಲಜನಕವನ್ನು ಹೆಚ್ಚಿಸುತ್ತ ಹೋಯಿತು. ಕೊನೆಗೆ ಆಮ್ಲಜನಕ ಬೇಗ ಮುಗಿದು, ನೌಕೆ ಗುರಿಯ ವೇಗಕ್ಕಿಂತ ಸೆಕೆಂಡಿಗೆ ಸುಮಾರು 5 ಮೀಟರ್ ಕಡಿಮೆಯಲ್ಲಿ ಕಕ್ಷೆ ಸೇರಿತು. ಈ ಎರಡನ್ನೂ ನನ್ನ ಮಾದರಿಯಲ್ಲಿ ಕೃತಕವಾಗಿ ಹುಟ್ಟಿಸಿದೆ.

ಪಿಐಡಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಒಂದು ವಾಲ್ವ್ ತಿರುಗಿಸಿದರೆ ಒತ್ತಡ, ಅನುಪಾತ ಎರಡೂ ಕದಲುವುದರಿಂದ ಒತ್ತಡದ್ದೊಂದು, ಅನುಪಾತದ್ದೊಂದು ಎಂಬ ಎರಡು ನಿಯಂತ್ರಣ ಸುತ್ತುಗಳೂ ಒಂದನ್ನೊಂದು ಎಳೆದಾಡದಂತೆ ನಿಧಾನಗೊಳಿಸಬೇಕಾಯಿತು, ಅಷ್ಟೆ. ಸೋರಿಕೆಯ ಪರೀಕ್ಷೆಯಲ್ಲಿ ಅದು 1999ರಲ್ಲಿ ಆದದ್ದನ್ನೇ ಮಾಡಿತು: ತೆರೆಯ ಮೇಲೆ ಒತ್ತಡದ ಗೆರೆ ದಾರ ಹಿಡಿದಂತೆ ನೇರವಾಗಿತ್ತು, ಅದರ ಕೆಳಗೆ ಟರ್ಬೈನ್ ಉಷ್ಣತೆಯ ಗೆರೆ ಸದ್ದಿಲ್ಲದೆ ಮೇಲೇರುತ್ತಿತ್ತು.

ನರಜಾಲದ ಮೇಲೆ ನನಗೆ ಬಹಳ ಆಸೆಯಿತ್ತು. ಮೂಲ ವಿನ್ಯಾಸದ ನೂಕುಬಲದ ಶೇ 67ರಿಂದ ಶೇ 109ರವರೆಗಿನ ಏರಿಳಿತದಲ್ಲಿ ಮೂರರಲ್ಲಿ ಅದೇ ಚುರುಕು. ಆದರೆ ಮೊದಲ ತರಬೇತಿಯ ನಂತರ ವಾಲ್ವ್‌ನ ಚಲನೆಯನ್ನು ದೊಡ್ಡದು ಮಾಡಿ ನೋಡಿದಾಗ ಗರಗಸದ ಹಲ್ಲುಗಳು ಕಂಡವು. ನಿಜವಾದ ವಾಲ್ವ್ ಆಗಿದ್ದರೆ ಅಂಥ ನಡುಕಕ್ಕೆ ಬೇಗನೆ ಸವೆಯುತ್ತಿತ್ತು. ತರಬೇತಿಯ ಅಂಕಗಳಲ್ಲಿ ವಾಲ್ವ್‌ನ ಚಲನೆಗೂ ದಂಡ ವಿಧಿಸಿದ ಮೇಲೆ ಅದು ತಣ್ಣಗಾಯಿತು. ಸುಳ್ಳು ಉಷ್ಣತೆಯನ್ನು ಕೊಟ್ಟಾಗ ಮಾತ್ರ, ತರಬೇತಿಯಲ್ಲಿ ಅಂಥದ್ದನ್ನು ಕಂಡೇ ಇರದ ಜಾಲ ಎರಡೂ ವಾಲ್ವ್‌ಗಳನ್ನು ವಿರುದ್ಧ ದಿಕ್ಕಿಗೆ ತಿರುಗಿಸಿಬಿಟ್ಟಿತು. ಕೆಟ್ಟ ಸಂವೇದಕಗಳನ್ನೂ ತರಬೇತಿಗೆ ಸೇರಿಸಿದಾಗ ಸುಧಾರಿಸಿತು, ನಿಜ; ಆದರೆ ಏಕೆ ಸುಧಾರಿಸಿತೆಂದು ಕೇಳಿದರೆ ತೋರಿಸಲು ನನ್ನ ಬಳಿ ಏನೂ ಇಲ್ಲ.

ಎಂಪಿಸಿಗೆ ಟರ್ಬೈನ್ ಉಷ್ಣತೆಯ ಮಿತಿಯನ್ನು ನಿಯಮವಾಗಿಯೇ ಬರೆದುಕೊಡಬಹುದು, ಅದೇ ಅದರ ಹೆಚ್ಚುಗಾರಿಕೆ. ಲೆಕ್ಕವನ್ನು 20 ಮಿಲಿಸೆಕೆಂಡಿನೊಳಗೆ ಮುಗಿಸಲು ಮುನ್ನೋಟದ ಅವಧಿಯನ್ನು ಎರಡು ಬಾರಿ ಮೊಟಕುಗೊಳಿಸಬೇಕಾಯಿತು. ಸೋರಿಕೆಯಾದಾಗ ಅದು ಸ್ವಲ್ಪ ನೂಕುಬಲವನ್ನು ಬಿಟ್ಟುಕೊಟ್ಟು ಉಷ್ಣತೆಯನ್ನು ಮಿತಿಯೊಳಗೇ ನಿಲ್ಲಿಸಿತು. ನಾನು ಗೆದ್ದೆನೆಂದುಕೊಂಡು ಸುಳ್ಳು ಸಂವೇದಕದ ಪರೀಕ್ಷೆಗೆ ಹೋದರೆ, ಅದೇ ಒಳ್ಳೆಯ ಗುಣ ಮುಳುವಾಯಿತು: ಇಲ್ಲದ ಬಿಸಿಗೆ ಹೆದರಿ, ಚೆನ್ನಾಗಿದ್ದ ಎಂಜಿನ್ನನ್ನು ಕೆಳಮಿತಿಯವರೆಗೂ ಇಳಿಸಿತು. ಉಷ್ಣತೆಯನ್ನು ನೋಡದ ಪಿಐಡಿಯೇ ಇಲ್ಲಿ ಅಲುಗಾಡದೆ ನಿಂತದ್ದು ನನಗೆ ಸ್ವಲ್ಪ ಅವಮಾನದ ಸಂಗತಿ.

ಆಗ ಹೊಳೆದದ್ದು, ನಾನು ಬುದ್ಧಿಯನ್ನು ತಪ್ಪು ಜಾಗದಲ್ಲಿ ಹುಡುಕುತ್ತಿದ್ದೆ ಎಂಬುದು. ಕ್ಲೀವ್‌ಲ್ಯಾಂಡಿನ ನಾಸಾ ಲೂಯಿಸ್ ಕೇಂದ್ರದವರು, ಈಗ ಅದು ಗ್ಲೆನ್, 1980ರ ದಶಕದ ಕೊನೆಯಲ್ಲಿಯೇ ಮರುಬಳಕೆಯ ಎಂಜಿನ್ನುಗಳಿಗಾಗಿ ನಿಯಂತ್ರಣವನ್ನೂ ದೋಷಪತ್ತೆಯನ್ನೂ ಒಂದಾಗಿಸಲು ಹೊರಟಿದ್ದರು. ಅದೇ ಜಾಡಿನಲ್ಲಿ, ಒತ್ತಡ, ಹರಿವು ಮತ್ತು ಪಂಪಿನ ವೇಗಗಳಿಂದ ಟರ್ಬೈನ್ ಉಷ್ಣತೆ ಎಷ್ಟಿರಬೇಕೆಂದು ಅಂದಾಜಿಸುವ ಪುಟ್ಟ ನರಜಾಲವೊಂದನ್ನು ಎಂಪಿಸಿಯ ಮುಂದೆ ಕೂರಿಸಿದೆ. ಸಂವೇದಕ ಕೆಟ್ಟರೆ ಅದೊಂದೇ ಅಳತೆ ಉಳಿದವುಗಳಿಂದ ಬೇರೆಯಾಗುತ್ತದೆ. ಸೋರಿಕೆಯಾದರೆ ಉಷ್ಣತೆ, ವಾಲ್ವ್‌ನ ತೆರೆತ, ಪಂಪಿನ ವೇಗ ಎಲ್ಲವೂ ಒಟ್ಟಿಗೆ ಎಂದಿನ ದಾರಿಯಿಂದ ಸರಿಯುತ್ತವೆ. ಮೊದಲನೆಯದಾದರೆ ಅಳತೆಯ ಬದಲು ಅಂದಾಜನ್ನು ಬಳಸು, ಎರಡನೆಯದಾದರೆ ಅಳತೆಯನ್ನೇ ನಂಬು ಎಂಬುದು ನಿಯಮ. ಈ ಜೋಡಣೆ ಎರಡೂ ಪರೀಕ್ಷೆಗಳಲ್ಲಿ ತೇರ್ಗಡೆಯಾಯಿತು. ಎರಡು ಸಂವೇದಕಗಳು ಒಂದೇ ಗಳಿಗೆಯಲ್ಲಿ ಒಂದೇ ಸುಳ್ಳು ಹೇಳಿದರೆ ಮಾತ್ರ ಈಗಲೂ ತಡವರಿಸುತ್ತದೆ.

ಸದ್ಯ ನಾನು ಇಟ್ಟುಕೊಂಡಿರುವುದು ಇದನ್ನೇ: ಮೇಲೆ ಅಂದಾಜುಗಾರ ಮತ್ತು ಎಂಪಿಸಿ, ಕೆಳಗೆ ವಾಲ್ವ್‌ಗಳನ್ನು ತಿರುಗಿಸಲು ಪಿಐಡಿ. ಎಂಜಿನ್ ಹೊತ್ತಿಸುವ ಮೊದಲ ಎರಡು ಸೆಕೆಂಡುಗಳಿಗೆ ಇವು ಯಾವುವನ್ನೂ ಬಳಸುವುದಿಲ್ಲ. ಶಟಲ್‌ನಲ್ಲಿದ್ದಂತೆ, ಯಾವ ವಾಲ್ವ್ ಯಾವಾಗ ಎಷ್ಟು ತೆರೆಯಬೇಕೆಂಬ ವೇಳಾಪಟ್ಟಿಯೇ ಆ ಕೆಲಸ ಮಾಡುತ್ತದೆ.