ಹಳೇ ಎಂ50 ಹೆಡ್‌ಫೋನ್, ಹೊಸ ಎಂ50ಎಕ್ಸ್: ಡಗ್ಗಾ ಎಲ್ಲಿ ಹೋಗಿತ್ತು?

ಮಾನ್ವಿ ಕಡೆಯ ಒಂದು ಹಳ್ಳಿಯಲ್ಲಿ ಅಮಾವಾಸ್ಯೆ ರಾತ್ರಿ ಭಜನೆ ರೆಕಾರ್ಡ್ ಮಾಡಿದ್ದೆ. ಪೇಟಿ (ಹಾರ್ಮೋನಿಯಂ), ತಬಲಾ, ಅದರ ಜೋಡಿಯ ದಪ್ಪ ದನಿಯ ಡಗ್ಗಾ, ದಮ್ಮಡಿ, ತಾಳ, ಎಂಟು ಜನರ ದನಿ. ರಾಯಚೂರಿಗೆ ಬಂದು ನಾಲ್ಕು ದಿನ ಕೂತು ಎಲ್ಲ ದನಿಗಳ ಮಟ್ಟ ಹೊಂದಿಸಿ ಮಿಕ್ಸ್ ಮಾಡಿ ಕಳಿಸಿದೆ. ಮರುದಿನವೇ ಮೇಳದ ಹಿರಿಯರು ಫೋನ್ ಮಾಡಿದರು. "ಡಗ್ಗಾ ಭಾಳ ಗುಂ ಅಂತದರೀ, ಪದಾನ ಕೇಳ್ಸವಲ್ದು" ಅಂದರು. ಟ್ರ್ಯಾಕ್ಟರ್ ಸ್ಪೀಕರ್‌ನಲ್ಲಿ ಕೇಳಿರಬೇಕು, ಅದಕ್ಕೇ ಹಾಗೆ ಅಂದುಕೊಂಡೆ. ಆಮೇಲೆ ಗೆಳೆಯನ ಕಾರಿನಲ್ಲಿ ಹಾಕಿ ಕೇಳಿದೆ. ಅವರು ಹೇಳಿದ್ದು ಖರೇ ಇತ್ತು. ನನ್ನ ಹೆಡ್‌ಫೋನ್‌ನಲ್ಲಿ ಹದವಾಗಿದ್ದ ಡಗ್ಗಾ ಕಾರಿನಲ್ಲಿ ಪದದ ಮೇಲೆ ಹತ್ತಿ ಕೂತಿತ್ತು.

ಈ ಹೋಲಿಕೆ ಶುರುವಾಗಿದ್ದು ಅಲ್ಲಿಂದ. ನನ್ನ ಹತ್ತಿರ ಇದ್ದದ್ದು ಆಡಿಯೊ ಟೆಕ್ನಿಕಾ ಎಂ50, 2011ರಲ್ಲಿ ಕೊಂಡದ್ದು. ಅದೇ ಹೆಡ್‌ಫೋನ್‌ನ ಹೊಸ ರೂಪ ಎಂ50ಎಕ್ಸ್. ಎಂ50 ಬಂದದ್ದು 2007ರಲ್ಲಿ, ಎಂ50ಎಕ್ಸ್ ಬಂದದ್ದು 2014ರಲ್ಲಿ. ಹೊಸದರಲ್ಲಿ ದನಿಯ ಗುಣ ಹಳೆಯದೇ, ಬಿಚ್ಚಿ ಹಾಕುವ ಕೇಬಲ್ ಮಾತ್ರ ಹೊಸದು ಅನ್ನೋದು ಕಂಪನಿಯವರ ಮಾತು. ಕಾಗದದ ಮೇಲೂ ಹಾಗೇ ಇದೆ. ಎರಡರಲ್ಲೂ 45 ಮಿಲಿಮೀಟರ್ ಡ್ರೈವರ್ (ದನಿ ಹುಟ್ಟಿಸುವ ಒಳಗಿನ ಪುಟ್ಟ ಸ್ಪೀಕರ್), ಎರಡಕ್ಕೂ ವಿದ್ಯುತ್ ಪ್ರತಿರೋಧ 38 ಓಮ್. ಆದರೆ ಹೆಡ್‌ಫೋನ್ ಹುಚ್ಚಿನವರು ನಾಲ್ಕು ಜನ ಸೇರಿದರೆ ಇದೇ ಜಗಳ. ಹಳೆಯದರಲ್ಲಿ ಬೇಸ್ (ಕೆಳಗಿನ ದಪ್ಪ ಸದ್ದು) ಜಾಸ್ತಿ ಅಂತ ಒಬ್ಬರು, ಹೊಸದರಲ್ಲೇ ಜಾಸ್ತಿ ಅಂತ ಇನ್ನೊಬ್ಬರು. ಹೊಸದು ತಂದು ನೋಡೇ ಬಿಡೋಣ ಅನ್ನಿಸಿತು. ನನಗೆ 12 ಸಾವಿರ ಚಿಲ್ಲರೆ ಬಿತ್ತು.

ಮೊದಲ ಸಲ ಎರಡನ್ನೂ ಒಂದರ ಹಿಂದೆ ಒಂದು ಹಾಕಿಕೊಂಡಾಗ ನಿಜವಾಗಿ ದಿಗಿಲಾಯಿತು. ಅದೇ ಭಜನೆ, ಅದೇ ರೆಕಾರ್ಡರ್. ಹಳೆಯದರಲ್ಲಿ ತಾಳ ಚುಚ್ಚುತ್ತದೆ, 'ಶಿವ ಶಿವ' ಅನ್ನುವಾಗ ಶಕಾರ ಕಿವಿಗೆ ತಾಗುತ್ತದೆ, ಡಗ್ಗಾ ಹಿಂದೆ ನಿಂತಿದೆ. ಹೊಸದರಲ್ಲಿ ಡಗ್ಗಾ ತುಂಬಿಕೊಂಡು ಬರುತ್ತದೆ, ದನಿಗಳ ಕೆಳಗೆ ಒಂದು ನೆಲ ಇದ್ದ ಹಾಗೆ. ಪೇಟಿಯ ಮಂದ್ರ ಸ್ವರಗಳಿಗೂ ಮೈ ಬಂದಿತ್ತು. ಕಾರಿನಲ್ಲಿ ಕೇಳಿದ 'ಗುಂ' ಇದರಲ್ಲಿ ಸ್ಪಷ್ಟವಾಗಿ ಕೇಳಿತು! ಹಾಗಾದರೆ ಡ್ರೈವರ್ ಬದಲಾಗಿದೆ, ಹೊಸದೇ ಬೇರೆ ದನಿ ಅಂತ ಅವತ್ತು ರಾತ್ರಿ ತೀರ್ಮಾನ ಮಾಡಿಬಿಟ್ಟಿದ್ದೆ.

ಬೆಳಗ್ಗೆ ಎದ್ದು ಕನ್ನಡಿ ನೋಡಿದಾಗ ಕೆನ್ನೆಗೆ ಕರೀ ಪುಡಿ ಅಂಟಿತ್ತು. ಹಳೆಯ ಹೆಡ್‌ಫೋನ್‌ನಲ್ಲಿ ಕಿವಿಯ ಸುತ್ತ ಕೂರುವ ಮೆತ್ತೆ, ಅಂದರೆ ಪ್ಯಾಡಿನ ಸಿಪ್ಪೆ. ಆಗ ತಲೆಗೆ ಹೊಳೆಯಿತು.

ಈ ಪ್ಯಾಡ್ ಚರ್ಮವಲ್ಲ. ಬಟ್ಟೆಯ ಮೇಲೆ ಪ್ಲಾಸ್ಟಿಕ್ ಪದರ ಹಚ್ಚಿ ಚರ್ಮದ ಹಾಗೆ ಮಾಡಿರುತ್ತಾರೆ. ಯಾವ ಕಂಪನಿಯದಾದರೂ ಅಷ್ಟೇ, ಬೆವರು, ತಲೆಗೆ ಹಚ್ಚಿದ ಎಣ್ಣೆ, ಬಿಸಿ ಸೇರಿದರೆ ಆ ಪದರ ಬಿರಿದು ಉದುರುತ್ತದೆ. ನಮ್ಮ ರಾಯಚೂರಿನ ಬಿಸಿಲಿನ ಬಗ್ಗೆ ಹೇಳಬೇಕಾ? ಮೇ ತಿಂಗಳಲ್ಲಿ 42 ಡಿಗ್ರಿ ದಾಟುತ್ತದೆ. ರೆಕಾರ್ಡ್ ಮಾಡುವಾಗ ಸದ್ದು ಬರಬಾರದು ಅಂತ ಫ್ಯಾನ್ ಬೇರೆ ಬಂದ್ ಮಾಡಿರುತ್ತೇನೆ. ಅಂಥ ಎಷ್ಟೋ ಬೇಸಿಗೆ ಆ ಪ್ಯಾಡ್ ನನ್ನ ಬೆವರು ಕುಡಿದಿದೆ. ಒಳಗಿನ ಸ್ಪಂಜು ಚಪ್ಪಟೆಯಾಗಿ ರೊಟ್ಟಿ ಹಾಗೆ ಆಗಿತ್ತು.

ಇಂಥ ಹಿಂಬದಿ ಮುಚ್ಚಿದ ಹೆಡ್‌ಫೋನ್‌ನಲ್ಲಿ ಬೇಸ್ ಹುಟ್ಟುವುದು ಡ್ರೈವರ್‌ನಿಂದ, ಆದರೆ ಅದನ್ನು ಹಿಡಿದಿಡುವುದು ಪ್ಯಾಡ್. ಕಿವಿಯ ಸುತ್ತ ಗಾಳಿ ಸೋರದ ಹಾಗೆ ಕೂತರೆ ಕೆಳಗಿನ ಸ್ವರಗಳು ಉಳಿಯುತ್ತವೆ. ಸಣ್ಣ ಸಂದು ಇದ್ದರೂ ಮೊದಲು ಸೋರಿ ಹೋಗುವುದು ಬೇಸ್. ತಾಳ, ಶಕಾರ, ಸಕಾರಗಳಿಗೆ ಏನೂ ಆಗುವುದಿಲ್ಲ. ಮೇಲಾಗಿ ಪ್ಯಾಡ್ ಚಪ್ಪಟೆಯಾದರೆ ಡ್ರೈವರ್ ಕಿವಿಗೆ ಇನ್ನೂ ಹತ್ತಿರ ಬರುತ್ತದೆ, ತೀಕ್ಷ್ಣ ಸದ್ದು ನೇರ ಹೊಡೆಯುತ್ತದೆ. ನನಗೆ ಕನ್ನಡಕ ಬೇರೆ. ಮೆತ್ತನೆ ಪ್ಯಾಡ್ ಕನ್ನಡಕದ ಕಡ್ಡಿಯನ್ನು ನುಂಗಿಕೊಳ್ಳುತ್ತದೆ. ಗಟ್ಟಿಯಾದ ಪ್ಯಾಡ್ ಕಡ್ಡಿಯ ಎರಡೂ ಬದಿ ಸಂದು ಬಿಡುತ್ತದೆ.

ಹಾಗಾಗಿ ಹೋಲಿಕೆಯನ್ನು ಮೊದಲಿಂದ ಶುರು ಮಾಡಿದೆ. ಈ ಸಲ ಸರಿಯಾಗಿ.

ಹೋಲಿಸುವಾಗ ಎಲ್ಲರೂ ಎಡವುವುದು ವಾಲ್ಯೂಮ್‌ನಲ್ಲಿ. ಸ್ವಲ್ಪವೇ ಜೋರಾಗಿದ್ದರೂ ಸಾಕು, ಕಿವಿ ಅದನ್ನೇ 'ಚೆನ್ನಾಗಿದೆ' ಅನ್ನುತ್ತದೆ. ಅದಕ್ಕೆ ದಪ್ಪ ರಟ್ಟಿಗೆ ತೂತು ಮಾಡಿ, ರೆಕಾರ್ಡರ್‌ನ ಮೈಕನ್ನು ತೂತಿನಲ್ಲಿ ಕೂರಿಸಿದೆ. ಮೇಲೆ ಹೆಡ್‌ಫೋನ್‌ನ ಒಂದು ಬಟ್ಟಲನ್ನು ಇಟ್ಟು ಅದರ ಮೇಲೆ ಒಂದೇ ತೂಕದ ಪುಸ್ತಕ ಹೇರಿದೆ. 1,000 ಹರ್ಟ್ಸ್ ಸದ್ದು ಬಿಟ್ಟು ಎರಡರ ಮಟ್ಟವನ್ನೂ ಸಮ ಮಾಡಿದೆ. ಆಮೇಲೆ ಬೇಸ್ ನೋಡಲು 60 ಹರ್ಟ್ಸ್ ಸದ್ದು ಬಿಟ್ಟೆ. ಹಳೆಯದು ಹಳೇ ಪ್ಯಾಡ್‌ನೊಂದಿಗೆ ಹೊಸದಕ್ಕಿಂತ 6 ಡೆಸಿಬಲ್ ಕೆಳಗೆ ಇತ್ತು. ಇದು ಲ್ಯಾಬ್ ಅಳತೆ ಅಲ್ಲ, ರಟ್ಟು ತಲೆಯೂ ಅಲ್ಲ. ಆದರೆ ಎರಡಕ್ಕೂ ಒಂದೇ ರಟ್ಟು, ಒಂದೇ ಮೈಕು. 6 ಡೆಸಿಬಲ್ ಸುಮ್ನೆ ಬರುವ ಅಂತರ ಅಲ್ಲ.

ಈಗ ಪ್ಯಾಡ್ ಅದಲುಬದಲು ಮಾಡಿದೆ. ಎಂ50ಎಕ್ಸ್ ಪ್ಯಾಡ್ ಹಳೇ ಎಂ50ಗೂ ಕೂರುತ್ತದೆ. ಅಂಚನ್ನು ತೋಡಿನೊಳಗೆ ಬೆರಳಿಂದ ಸುತ್ತ ತೂರಿಸುತ್ತ ಹೋಗಬೇಕು. ಮೊದಲ ಸಲ ಕಾಲು ಗಂಟೆ ಹಿಡಿಯುತ್ತದೆ, ಅವಸರ ಮಾಡಿದರೆ ಹರಿಯುತ್ತದೆ. ಹಳೇ ಹೆಡ್‌ಫೋನ್‌ಗೆ ಹೊಸ ಪ್ಯಾಡ್ ಹಾಕಿದಾಗ 60 ಹರ್ಟ್ಸ್ ಸದ್ದಿಗೆ ರೆಕಾರ್ಡರ್ ಮೀಟರಿನ ಮುಳ್ಳು ಮೇಲೆದ್ದು ಹೊಸದರ ಪಕ್ಕಕ್ಕೇ ಬಂತು, 1 ಡೆಸಿಬಲ್ ಒಳಗೆ. ಹೊಸ ಹೆಡ್‌ಫೋನ್‌ಗೆ ಆ ಸಿಪ್ಪೆ ಎದ್ದ ಪ್ಯಾಡ್ ಹಾಕಿದೆ. ಡಗ್ಗಾ ಮಾಯ! ಶಕಾರ ಚುಚ್ಚತೊಡಗಿತು. ಹೊಸ ಹೆಡ್‌ಫೋನ್ ಕ್ಷಣದಲ್ಲಿ ಹಳೆಯದಾಗಿತ್ತು. ನಾನು 'ಎಂ50ಯ ದನಿ' ಅಂತ ಇಷ್ಟು ವರ್ಷ ನಂಬಿದ್ದು ಸವೆದ ಪ್ಯಾಡಿನ ದನಿಯನ್ನು.

ಒಂದೇ ದಿನದಲ್ಲಿ ಪ್ಯಾಡ್ ಕೆಟ್ಟಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ಇದು ಹಾಗಲ್ಲ. ದಿನಕ್ಕೆ ಕೂದಲೆಳೆಯಷ್ಟು ಬೇಸ್ ಸೋರುತ್ತ ಹೋಯಿತು, ಕಿವಿ ಅದಕ್ಕೇ ಹೊಂದಿಕೊಳ್ಳುತ್ತ ಹೋಯಿತು. ಕೈ ಮಾತ್ರ ಮಿಕ್ಸ್‌ನಲ್ಲಿ ಡಗ್ಗಾವನ್ನು ಸ್ವಲ್ಪ ಸ್ವಲ್ಪ ಮೇಲೆ ಎತ್ತುತ್ತಲೇ ಇತ್ತು. ಹಳೇ ಫೈಲ್‌ಗಳನ್ನು ವರ್ಷದ ಪ್ರಕಾರ ಇಟ್ಟುಕೊಂಡು ಕೇಳಿದೆ. ಐದು ವರ್ಷದ ಹಿಂದಿನ ಭಜನೆ ಈಗಲೂ ಹದವಾಗಿದೆ. ಕಳೆದ ಎರಡು ವರ್ಷದವು ಎಲ್ಲವೂ ಭಾರ. ಇದನ್ನು ನೋಡಿ ಮನಸ್ಸಿಗೆ ಬೇಸರವಾಯಿತು. ರಾತ್ರಿಯಿಡೀ ಗಂಟಲು ಹರಿದುಕೊಂಡು ಹಾಡಿದವರ ಪದ ಅದು.

ಉಳಿದ ಪ್ರಶ್ನೆ: ಪ್ಯಾಡ್ ಎರಡೂ ಹೊಸದಾದರೆ ಹಳೆಯದಕ್ಕೂ ಹೊಸದಕ್ಕೂ ಇನ್ನೇನಾದರೂ ಫರಕು ಇದೆಯಾ? ಇದಕ್ಕೆ ಇನ್ನೊಂದು ಜೋಡಿ ಪ್ಯಾಡ್ ತರಿಸಿದೆ. ಅಕ್ಕನ ಮಗನನ್ನು ಕರೆದೆ. ನನ್ನ ಕಣ್ಣಿಗೆ ಟವೆಲ್ ಕಟ್ಟಿ ಅವನೇ ಹೆಡ್‌ಫೋನ್ ನನ್ನ ತಲೆಗೆ ಇಡುವುದು, ಯಾವುದು ಅಂತ ನಾನು ಹೇಳುವುದು. ಕೇಬಲ್ ತೂಗುವ ರೀತಿಯಿಂದ ಗೊತ್ತಾಗಬಾರದು ಅಂತ ಎರಡಕ್ಕೂ ಸುರುಳಿ ಕೇಬಲ್. ಅದನ್ನೂ ಅವನೇ ಕೈಯಲ್ಲಿ ಎತ್ತಿ ಹಿಡಿದಿದ್ದ.

ಭಜನೆ ಹಾಕಿ 10 ಸಲ ಕೇಳಿದೆ. 6 ಸರಿ, 4 ತಪ್ಪು. ನಾಣ್ಯ ಚಿಮ್ಮಿದರೂ ಹೆಚ್ಚೂಕಡಿಮೆ ಅಷ್ಟೇ ಬರುತ್ತದೆ, ಅಲ್ವಾ? ಬರೀ ತಾಳದ ಸದ್ದು ಹಾಕಿದಾಗ 8 ಸರಿ ಬಂತು. ಹೊಸದರಲ್ಲಿ ತಾಳದ ಬಾಲ ಒಂದಿಷ್ಟು ಹೆಚ್ಚು ಹೊಳೆಯುತ್ತದೆ ಅಂತ ನನಗೆ ಅನ್ನಿಸಿದ್ದು ಪೂರ್ತಿ ಭ್ರಮೆ ಇರಲಿಕ್ಕಿಲ್ಲ. ಆಮೇಲೆ ನಮ್ಮ ರಾಯಚೂರು ಸೀಮೆಯ ಪಂಡಿತ ಸಿದ್ಧರಾಮ ಜಂಬಲದಿನ್ನಿ ಅವರ ವಚನ ಗಾಯನದ ಒಂದು ಹಳೆಯ ಮುದ್ರಣ ಕೇಳಿದೆ. ನನ್ನ ಪ್ರತಿಯಲ್ಲಿ ದನಿಯ ಹಿಂದೆ ಸಣ್ಣಗೆ 'ಸಿರ್' ಅನ್ನುವ ಸದ್ದಿದೆ. ಹೊಸದರಲ್ಲಿ ಆ ಸಿರ್ ಒಂದು ಎಳೆ ಮುಂದೆ ಬರುತ್ತದೆ. ಅವರ ದನಿಯ ತೂಕ ಮಾತ್ರ ಎರಡರಲ್ಲೂ ಒಂದೇ. ನನ್ನ ಅಳಿಯನಿಗೆ ಕೇಳಿಸಿದೆ. "ಮಾಮ, ನಂಗೇನು ಫರಕ್ ಕಾಣವಲ್ದು, ಎರಡೂ ಒಂದೇ ಅದ" ಅಂದ. ಅವನದು ಹದಿನೇಳು ವರ್ಷದ ಕಿವಿ, ನನ್ನದಕ್ಕಿಂತ ಚುರುಕು. ಒಂದೇ ಮಾದರಿಯ ಎರಡು ಹೊಸ ಪೀಸ್‌ಗಳ ನಡುವೆಯೂ ಇಷ್ಟು ಸಣ್ಣ ಅಂತರ ಇರಬಹುದು. ಹಾಗಾಗಿ ಇದನ್ನು 2007ರ ದನಿ, 2014ರ ದನಿ ಅಂತ ಕರೆಯಲು ನಾನು ತಯಾರಿಲ್ಲ.

ಹೊಸ ಹೆಡ್‌ಫೋನ್ ನೂರು ತಾಸು ಓಡಿಸಿದರೆ ದನಿ ಬಿಚ್ಚಿಕೊಳ್ಳುತ್ತದೆ ಅನ್ನುವ ಮಾತೂ ಇದೆ. ಎರಡು ವಾರ ಬಿಟ್ಟು ಅದೇ ರಟ್ಟಿನ ಮೇಲೆ ಮತ್ತೆ ಅಳೆದೆ. ಮುಳ್ಳು ಅಲ್ಲೇ ಇತ್ತು. ಪ್ಯಾಡ್ ಮಾತ್ರ ನನ್ನ ತಲೆಗೆ ಒಗ್ಗಿ ಇನ್ನಷ್ಟು ಚೆನ್ನಾಗಿ ಕೂರುತ್ತಿತ್ತು.

ದನಿ ಬಿಟ್ಟು ಉಳಿದದ್ದರಲ್ಲಿ ಹೊಸದೇ ಮೇಲು, ಅದಕ್ಕೆ ಕೇಬಲ್ ಕಾರಣ. ಹಳೆಯದರ ಕೇಬಲ್ ಎಡ ಬಟ್ಟಲಿನೊಳಗೆ ಬೆಸುಗೆ ಹಾಕಿದ್ದು. ಒಮ್ಮೆ ಕುರ್ಚಿ ಕಾಲಿನ ಕೆಳಗೆ ಸಿಕ್ಕಿಸಿಕೊಂಡು ನಾನೇ ಎಳೆದುಬಿಟ್ಟಿದ್ದೆ. ರಾಯಚೂರಿನ ತೀನ್ ಕಂದೀಲ್ ಹತ್ತಿರ ರಿಪೇರಿಯವರು ಸ್ಕ್ರೂ ಬಿಚ್ಚಿ, ಕೂದಲಿನಂಥ ತಂತಿ ಬೆಸೆದು ಜೀವ ಕೊಟ್ಟರು. ಹೊಸದರಲ್ಲಿ ಮೂರು ಕೇಬಲ್ ಬರುತ್ತವೆ: 3 ಮೀಟರ್ ನೇರ, 1.2 ಮೀಟರ್ ನೇರ, ಎಳೆದರೆ 3 ಮೀಟರ್ ಆಗುವ ಸುರುಳಿ. ತಿರುಗಿಸಿದರೆ ಲಾಕ್ ಆಗುತ್ತದೆ. ಬಟ್ಟಲಿನ ಕಡೆ 2.5 ಮಿಲಿಮೀಟರ್ ಪಿನ್, ಅಂಗಡಿಯ ಸಾದಾ ಆಕ್ಸ್ ವೈರ್ ಅದಕ್ಕೆ ಆಗುವುದಿಲ್ಲ. ಹಳ್ಳಿಯಲ್ಲಿ ಕತ್ತಲಲ್ಲಿ ಯಾರೋ ವೈರ್ ಎಡವುತ್ತಾರೆ. ಕೇಬಲ್ ಹೋದರೆ ಇನ್ನೊಂದು ಸಿಕ್ಕಿಸಿ ಕೆಲಸ ಮುಂದುವರಿಸಬಹುದು. ಇದು ದೊಡ್ಡ ಮಾತು.

ಹೊರಗಿನ ಸದ್ದು ತಡೆಯುವುದರಲ್ಲೂ ಪ್ಯಾಡಿನದೇ ಕಥೆ. ಅಕ್ಕಿ ಗಿರಣಿ ಪಕ್ಕದ ಗುಡಿಯಲ್ಲಿ ಕೂತು ನೋಡಿದೆ. ಹೊಸ ಪ್ಯಾಡ್ ಇದ್ದರೆ ಎರಡೂ ಒಂದೇ.

ಹಳೇ ಎಂ50 ನಿಮ್ಮ ಹತ್ತಿರ ಇದ್ದು, ದನಿ ತೆಳ್ಳಗಾಗಿದೆ ಅನ್ನಿಸಿದರೆ ಮೊದಲು ಪ್ಯಾಡ್ ತರಿಸಿ. ನನಗೆ ಜೋಡಿಗೆ 1,500ರ ಹತ್ತಿರ ಆಯಿತು. ಏನೂ ಇಲ್ಲದವರು ಹೊಸದನ್ನೇ ಕೊಳ್ಳಿ, ಕೇಬಲ್‌ಗೋಸ್ಕರ. ದನಿ ಬದಲಾಗುತ್ತದೆ ಅಂತ ಹಳೆಯದನ್ನು ಮಾರಿ ಹೊಸದಕ್ಕೆ ಹೋಗುವುದು ಬೇಡ. ನಮ್ಮ ಬಿಸಿಲಿನ ಸೀಮೆಯಲ್ಲಿ ಎರಡು ವರ್ಷಕ್ಕೊಮ್ಮೆ ಪ್ಯಾಡ್ ಬದಲಿಸುವ ಲೆಕ್ಕ ಇಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಒಣ ಬಟ್ಟೆಯಿಂದ ಬೆವರು ಒರೆಸಿ, ಬೈಕಿನ ಡಬ್ಬಿಯಲ್ಲಿ ಬಿಸಿಲಿಗೆ ಬಿಡಬೇಡಿ.

ಹಳೆಯದು ಈಗ ಹೊಸ ಪ್ಯಾಡ್ ಹಾಕಿಕೊಂಡು ಅಳಿಯನ ಮೇಜಿನ ಮೇಲಿದೆ. ಮಾನ್ವಿ ಭಜನೆಯಲ್ಲಿ ಡಗ್ಗಾವನ್ನು 4 ಡೆಸಿಬಲ್ ಇಳಿಸಿ ಮತ್ತೆ ಕಳಿಸಿದ್ದೇನೆ. ಆ ಎರಡು ವರ್ಷದ ಇನ್ನೂ ಹನ್ನೊಂದು ಮೇಳಗಳ ಫೈಲ್ ತೆರೆದು ಕೂತಿದ್ದೇನೆ, ದಿನಕ್ಕೊಂದು.