ಸೆಕೆಂಡ್ ಹ್ಯಾಂಡ್ ಟಿಟಿ: ಎಂಜಿನ್ ಆಮೇಲೆ, ಮೊದಲು ಗಾಡಿ ಕೆಳಗೆ ಬಗ್ಗಿ ನೋಡಿ

ಹಳೇ ಟಿಟಿ (ಟೆಂಪೋ ಟ್ರಾವೆಲರ್ ವ್ಯಾನ್) ತಗೊಳ್ಳಲು ಹೊರಟವರೆಲ್ಲ ಮೊದಲು ಕೇಳುವುದು ಒಂದೇ ಮಾತು: "ಎಂಜಿನ್ ಹೇಗಿದೆ?" ಕೇಳಲೇಬೇಕು, ಸರಿ. ಆದರೆ ಇಷ್ಟು ವರ್ಷ ಓಡಿಸಿದ ಮೇಲೆ ನನಗೆ ಕಂಡದ್ದು ಬೇರೆ. ದುಡ್ಡು ಜಾಸ್ತಿ ಹೋಗುವುದು ಗಾಡಿಯ ಕೆಳಭಾಗಕ್ಕೆ, ಬಿಸಿ ಏರುವುದಕ್ಕೆ ಮತ್ತು ತುಕ್ಕಿಗೆ.

ನನ್ನದು 2014ರ ಮಾಡೆಲ್, 12 ಸೀಟು, ಎಸಿ, ಬಾಡಿಗೆಗೆ ಓಡಿಸುವ ಎಲ್ಲೋ ಬೋರ್ಡ್ ಗಾಡಿ. ಊರು ಹಾಸನದ ಕಡೆ. ಮದುವೆ ದಿಬ್ಬಣ, ಧರ್ಮಸ್ಥಳ, ಸುಬ್ರಹ್ಮಣ್ಯ, ಸೀಸನ್‌ನಲ್ಲಿ ಶಬರಿಮಲೆ, ಇದೇ ಓಡಾಟ. ಐದೂವರೆ ಲಕ್ಷಕ್ಕೆ ತಗೊಂಡಾಗ ಮೀಟರ್ ಎರಡೂವರೆ ಲಕ್ಷ ಕಿಲೋಮೀಟರ್ ತೋರಿಸುತ್ತಿತ್ತು. ಈಗ ನಾಲ್ಕು ಲಕ್ಷದ ಹತ್ತಿರ ಬಂದಿದೆ. ಕೆಳಗೆ ಹೇಳಿರುವ ರೇಟು ನಮ್ಮ ಕಡೆ ನಾನು ಕೊಟ್ಟದ್ದು. ಬೆಂಗಳೂರಿನಲ್ಲಿ ಕೂಲಿ ಇನ್ನೂ ಸ್ವಲ್ಪ ಜಾಸ್ತಿ.

ಟಿಟಿಯ ಮೂಲ ಜರ್ಮನಿಯ ಮರ್ಸಿಡಿಸ್ ಟಿ1 ವ್ಯಾನ್. ಅದು ಅಲ್ಲಿ 1977ರಲ್ಲಿ ಬಂತು, ಇಲ್ಲಿ ಟಿಟಿಯಾಗಿ 1987ರಿಂದ ಓಡುತ್ತಿದೆ. ಹಿಂದಿನ ಚಕ್ರಕ್ಕೆ ಎಳೆತ, ಎಂಜಿನ್ನಿನ ಬಲವನ್ನು ಹಿಂದಕ್ಕೆ ಒಯ್ಯುವ ಉದ್ದದ ಪ್ರೊಪೆಲ್ಲರ್ ಶಾಫ್ಟ್, ಪಾಟಾ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಸಸ್ಪೆನ್ಷನ್. ಎಲ್ಲ ಸರಳ. ಹಾಗಾಗಿ ತಾಲ್ಲೂಕು ಕೇಂದ್ರದ ಗ್ಯಾರೇಜಿನಲ್ಲೂ ಇದನ್ನು ಬಿಚ್ಚಿ ಜೋಡಿಸುವ ಮೇಸ್ತ್ರಿ ಸಿಗುತ್ತಾರೆ. ಈ ಗಾಡಿಯಲ್ಲಿ ನನಗೆ ಅತಿ ಇಷ್ಟವಾದ ವಿಷಯ ಇದು. ದಾರಿಯಲ್ಲಿ ನಿಂತರೂ ಕೈಬಿಡುವುದಿಲ್ಲ.

ಬಿಸಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಕಡೆಯವರಿಗೆ ಶಿರಾಡಿ ಘಾಟಿಯೇ ಪರೀಕ್ಷೆ. ಧರ್ಮಸ್ಥಳದಿಂದ ವಾಪಸ್ ಬರುವಾಗ ಗುಂಡ್ಯ ದಾಟಿದ ಮೇಲೆ ಏರು ಶುರು. ತುಂಬಾ ಜನ, ಮೇಲೆ ಲಗೇಜು, ಎಸಿ ಆನ್, ಎರಡನೇ ಗೇರು. ಮೊದಲ ಬೇಸಿಗೆಯಲ್ಲೇ ನನ್ನ ಗಾಡಿಯ ಟೆಂಪರೇಚರ್ ಮುಳ್ಳು ಅಲ್ಲಿ ಮೇಲೆ ಹೋಗಲು ಶುರುವಾಯಿತು. ರೇಡಿಯೇಟರ್ ಹೊರಗಿನಿಂದ ನೋಡಿದರೆ ಕ್ಲೀನಾಗಿತ್ತು, ಕೂಲೆಂಟ್ ತುಂಬಾ ಇತ್ತು, ಫ್ಯಾನೂ ಸರಿ ಇತ್ತು. ಮೇಸ್ತ್ರಿ ರೇಡಿಯೇಟರ್ ಮುಂದಿರುವ ಎಸಿ ಕಂಡೆನ್ಸರ್ ಬಿಚ್ಚಿ ಸರಿಸಿದಾಗ ಗೊತ್ತಾಯಿತು. ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ಧೂಳು, ಹುಳ, ಒಣಗಿದ ಎಲೆ, ಆಯಿಲ್ ಜಿಡ್ಡು ಸೇರಿ ಕಂಬಳಿಯಂತೆ ಗಟ್ಟಿಯಾಗಿ ಕೂತಿತ್ತು. ಗಾಳಿ ಹೋಗಲು ಜಾಗವೇ ಇರಲಿಲ್ಲ. ಎರಡನ್ನೂ ಇಳಿಸಿ, ತೊಳೆದು, ಥರ್ಮೋಸ್ಟಾಟ್, ಹೋಸ್ ಬದಲಾಯಿಸಿ ಒಟ್ಟು 5,000 ರೂಪಾಯಿ ಒಳಗೆ ಮುಗಿಯಿತು.

ಇಷ್ಟಕ್ಕೇ ಮುಗಿಯದಿದ್ದರೆ? ಮುಳ್ಳು ಮೇಲಿದ್ದರೂ ಓಡಿಸಿದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿಗೂ ಅದರ ಮೇಲ್ಭಾಗವಾದ ಹೆಡ್‌ಗೂ ನಡುವಿನ ಸೀಲ್) ಹೋಗುತ್ತದೆ. ಹೆಡ್ ಇಳಿಸಿ, ಲೇಥ್‌ನಲ್ಲಿ ಫೇಸಿಂಗ್ ಮಾಡಿಸಿ (ಮೇಲ್ಮೈ ಸಮ ಮಾಡಿಸಿ), ಮತ್ತೆ ಕೂರಿಸಲು 20ರಿಂದ 25 ಸಾವಿರ. ಹೆಡ್ ಬಿರುಕು ಬಿಟ್ಟಿದ್ದರೆ ಆ ಲೆಕ್ಕವೇ ಬೇರೆ. ಗಾಡಿ ನೋಡಲು ಹೋದಾಗ ಇದನ್ನು ಪತ್ತೆ ಮಾಡುವುದು ಕಷ್ಟವಲ್ಲ. ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿಸಿ. ನೀರಿನಲ್ಲಿ ಗುಳ್ಳೆ ನಿಲ್ಲದೆ ಬರುತ್ತಲೇ ಇದ್ದರೆ, ಅಥವಾ ನೀರಿನ ಮೇಲೆ ಆಯಿಲ್ ತೇಲಿದರೆ, ಆ ಗಾಡಿ ಬೇಡ. ಬಿಸಿ ಎಂಜಿನ್‌ನ ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡಿ, ಕುದಿಯುವ ನೀರು ಮುಖಕ್ಕೇ ಹಾರುತ್ತದೆ. ನೀವು ಹೋಗುವಷ್ಟರಲ್ಲಿ ಮಾರುವವರು ಎಂಜಿನ್ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬೆಳಿಗ್ಗೆ ಬರುತ್ತೇನೆ ಅನ್ನಿ. ತಣ್ಣನೆಯ ಸ್ಟಾರ್ಟಿಂಗ್‌ನಲ್ಲೇ ಸೆಲ್ಫ್, ಬ್ಯಾಟರಿ, ಹೊಗೆ ಎಲ್ಲದರ ನಿಜ ಸ್ಥಿತಿ ಕಾಣುವುದು. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ ಅಂತಲೇ ಅರ್ಥ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಅಲ್ಲಿಂದ ರಭಸವಾಗಿ ಹೊಗೆ ನುಗ್ಗಿದರೆ ಪಿಸ್ಟನ್, ರಿಂಗು ಸವೆದಿವೆ. ಫುಲ್ ಎಂಜಿನ್ ಕೆಲಸ ಅಂದರೆ ಒಂದು ಲಕ್ಷ ದಾಟುತ್ತದೆ.

ಇನ್ನು ಕೆಳಭಾಗ. ಒಂದು ರಟ್ಟು ಹಾಸಿಕೊಂಡು ಮಲಗಿ ನೋಡಲೇಬೇಕು. ಮುಂದಿನ ಚಕ್ರವನ್ನು ಜಾಕ್ ಕೊಟ್ಟು ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಟಕ್ ಟಕ್ ಅಂತ ಆಟ ಸಿಕ್ಕರೆ ಕಿಂಗ್ ಪಿನ್ (ಮುಂದಿನ ಚಕ್ರ ತಿರುಗಲು ಆಧಾರವಾದ ಪಿನ್) ಅಥವಾ ಬೇರಿಂಗ್ ಸವೆದಿದೆ. ಎರಡೂ ಕಡೆ ಕಿಂಗ್ ಪಿನ್ ಕಿಟ್ ಹಾಕಿಸಲು ನನಗೆ 9,000 ಆಯಿತು. ಇದನ್ನು ತಡ ಮಾಡಿದರೆ ಹೊಸ ಟೈರನ್ನು ಒಂದೇ ಕಡೆ ತಿಂದು ಹಾಕುತ್ತದೆ. ಟೈರ್ ಒಂದಕ್ಕೆ ಏಳು ಸಾವಿರ ಕೊಟ್ಟವರಿಗೆ ಆ ನೋವು ಗೊತ್ತು. ಟೈರಿನ ವಯಸ್ಸೂ ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 3219 ಅಂತಿದ್ದರೆ 2019ರ 32ನೇ ವಾರದಲ್ಲಿ ತಯಾರಾದದ್ದು. ಟೈರಿನ ಗೀರುಗಳು ಆಳವಾಗಿದ್ದರೂ ರಬ್ಬರ್ ಬಿರುಕು ಬಿಟ್ಟಿದ್ದರೆ ಜನ ಕೂರಿಸಿಕೊಂಡು ಹೋಗುವ ಗಾಡಿಗೆ ಅದು ಬೇಡ.

ನ್ಯೂಟ್ರಲ್‌ನಿಂದ ಗೇರಿಗೆ ಹಾಕಿ ಕ್ಲಚ್ ಬಿಟ್ಟಾಗ ಹಿಂದೆ "ಠಣ್" ಅಂದರೆ ಯುಜೆ ಕ್ರಾಸ್ (ಪ್ರೊಪೆಲ್ಲರ್ ಶಾಫ್ಟಿನ ಕೀಲು) ಸವೆದಿದೆ. ಅದು ಎರಡು ಸಾವಿರದ ಕೆಲಸ, ಹೆದರಬೇಡಿ. ಅರವತ್ತರ ಸ್ಪೀಡಿನಲ್ಲಿ ಹಿಂದಿನಿಂದ ಒಂದೇ ಸಮನೆ ಊಳಿಡುವ ಸದ್ದು ಬಂದರೆ ಹಿಂದಿನ ಆಕ್ಸಲ್ ಒಳಗಿನ ಕ್ರೌನ್ ಗೇರು ಸವೆದಿರಬಹುದು, ಅದಕ್ಕೆ 30 ಸಾವಿರದವರೆಗೆ ಇಟ್ಟುಕೊಳ್ಳಿ. ಪಾಟಾದಲ್ಲಿ ಒಂದು ಎಲೆ ತುಂಡಾಗಿದ್ದರೆ ಗಾಡಿ ಒಂದು ಕಡೆ ವಾಲಿ ನಿಂತಿರುತ್ತದೆ. ಸಮತಟ್ಟಾದ ಜಾಗದಲ್ಲಿ ಹಿಂದೆ ನಿಂತು ನೋಡಿದರೆ ಸಾಕು. ಕ್ಲಚ್ ಸೆಟ್ ನಾನು ಒಮ್ಮೆ ಹಾಕಿಸಿದ್ದೇನೆ, ಕೂಲಿ ಸೇರಿ 14 ಸಾವಿರ.

ತುಕ್ಕಿನ ಬಗ್ಗೆ ಯಾರೂ ಮಾತಾಡುವುದಿಲ್ಲ, ಅಲ್ವಾ? ಕರಾವಳಿಯಲ್ಲಿ ಓಡಿದ ಗಾಡಿಗೆ ಉಪ್ಪುಗಾಳಿ ಹೊಡೆದಿರುತ್ತದೆ. ಫುಟ್‌ಬೋರ್ಡ್ ಮೇಲಿನ ಮ್ಯಾಟ್ ಎತ್ತಿ ನೋಡಿ, ಚಕ್ರದ ಕಮಾನಿನ ಒಳಗೆ ಬೆರಳಿನಿಂದ ತಟ್ಟಿ ನೋಡಿ. ಸೀಲಿಂಗ್‌ನಲ್ಲಿ ಕಂದು ಕಲೆ ಇದ್ದರೆ ಕ್ಯಾರಿಯರ್ ಬೋಲ್ಟಿನ ತೂತಿನಿಂದ ಮಳೆನೀರು ಇಳಿದಿದೆ. ಹೊಸ ಪೇಂಟಿನ ಹೊಳಪು ನೋಡಿ ಜಾಸ್ತಿ ದುಡ್ಡು ಕೊಡಬೇಡಿ. ನನ್ನ ಗಾಡಿಗೆ ಟಿಂಕರಿಂಗ್, ಪೇಂಟಿಂಗ್ ಸೇರಿ 70 ಸಾವಿರ ಬಿತ್ತು. ನಾನು ಮಾಡಿಸಿದ ಎಲ್ಲ ರಿಪೇರಿಗಿಂತ ದೊಡ್ಡ ಬಿಲ್ ಅದೇ. ಅದೂ ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್) ಹತ್ತಿರ ಬಂದಾಗ, ಮುಂದೂಡಲು ಆಗದ ಹೊತ್ತಿನಲ್ಲಿ. ಎಂಟು ವರ್ಷ ತುಂಬುವವರೆಗೆ ಎಫ್‌ಸಿ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಹಳೇ ಗಾಡಿಯ ಲೆಕ್ಕದಲ್ಲಿ ಈ ವಾರ್ಷಿಕ ಖರ್ಚು, ಗಾಡಿ ನಿಲ್ಲುವ ದಿನಗಳ ಬಾಡಿಗೆ ನಷ್ಟ, ಎರಡೂ ಸೇರಬೇಕು.

ಎಸಿಗೆ ಬೇಸಿಗೆ ಮೊದಲೇ ಕೈ ಹಾಕಿಸುವುದು ಒಳ್ಳೆಯದು. ಗ್ಯಾಸ್ ತುಂಬಿಸಿದ ಮೇಲೂ ತಿಂಗಳೊಳಗೆ ತಂಪು ಕಡಿಮೆಯಾದರೆ ಎಲ್ಲೋ ಲೀಕ್ ಇದೆ. ಸುಮ್ನೆ ಮತ್ತೆ ಮತ್ತೆ ಗ್ಯಾಸ್ ಹಾಕಿಸಬೇಡಿ. ಕಂಪ್ರೆಸರ್ ಹೋದರೆ 18ರಿಂದ 20 ಸಾವಿರ.

ಪಾರ್ಟ್ಸ್‌ಗೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ಸಿಗದ್ದಿಲ್ಲ. ಆದರೆ ಬ್ರೇಕ್, ಸ್ಟೇರಿಂಗ್, ಬೇರಿಂಗ್ ಮೂರಕ್ಕೂ ಒರಿಜಿನಲ್ಲೇ ಹಾಕಿಸಿ. ಘಾಟಿ ಇಳಿಯುವಾಗ ಹಿಂದೆ ಕೂತವರು ನಮ್ಮನ್ನು ನಂಬಿ ನಿದ್ದೆ ಮಾಡುತ್ತಿರುತ್ತಾರೆ. ಅಲ್ಲಿ ಐನೂರು ಉಳಿಸುವುದು ಸರಿಯಲ್ಲ.

ಮತ್ತೆ ತಗೊಳ್ಳುತ್ತೀರಾ ಅಂತ ಕೇಳಿದರೆ, ಖಂಡಿತ. ಮಾತಾಡಿದ ರೇಟಿನ ಮೇಲೆ ಮೊದಲ ವರ್ಷಕ್ಕೆ ಒಂದು ಲಕ್ಷ ಪಕ್ಕಕ್ಕಿಟ್ಟುಕೊಂಡೇ ತಗೊಳ್ಳುತ್ತೇನೆ. 2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆಯ ಹೊಸ ನಿಯಮದ) ಗಾಡಿ ನೋಡುವವರು, ಎಂಜಿನ್ನಿನ ದೋಷ ತೋರಿಸುವ ಸ್ಕ್ಯಾನರ್ ಹಾಕಿಸದೆ ಅಡ್ವಾನ್ಸ್ ಕೊಡಬೇಡಿ. ಡೀಸೆಲ್ ಹೊಗೆ ಸೋಸುವ ಡಿಪಿಎಫ್ ಊರೊಳಗಿನ ಸಣ್ಣ ಓಡಾಟದಲ್ಲಿ ಬೇಗ ಕಟ್ಟಿಕೊಳ್ಳುತ್ತದೆ. ಸ್ಕೂಲ್ ಟ್ರಿಪ್ಪಿಗೆ ಮಾತ್ರ ಓಡಿದ ಗಾಡಿಯಾದರೆ ಮೀಟರ್ ಕಡಿಮೆ ಇದೆ ಅಂತ ಖುಷಿಪಡುವ ಮೊದಲು ಅದನ್ನು ಚೆಕ್ ಮಾಡಿಸಿ.