ಮಳೆಗಾಲದ ತೋಟಕ್ಕೆ ಯಾವ ಕತ್ತಿ? ನಾಲ್ಕನ್ನು ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಆಯ್ಕೆ ನಮ್ಮೂರ ಕುಲುಮೆಯ ಆಚಾರ್ರು ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ಬಡಿದುಕೊಟ್ಟ ಕತ್ತಿ. 900 ರೂಪಾಯಿ. ಅದಕ್ಕೂ ಮುಂಚೆ 14,000 ಕೊಟ್ಟು ಹೊರದೇಶದ ದಪ್ಪ ಚಾಕು ತರಿಸಿದ್ದೆ. ಕಾಡಲ್ಲಿ ಸಿಕ್ಕಿಹಾಕಿಕೊಂಡರೂ ಇದೊಂದಿದ್ದರೆ ಬದುಕಬಹುದು ಅಂತ ಮಾರುತ್ತಾರಲ್ಲ, ಆ ಜಾತಿಯದು. ಎರಡು ಮಳೆಗಾಲ ಅದನ್ನು ಬಳಸಿದೆ. ಆಮೇಲೆ ಬಿಟ್ಟೆ. ಯಾಕೆ ಅಂತ ಬರೆಯುತ್ತೇನೆ, ಯಾಕೆಂದರೆ ಅಷ್ಟು ದುಡ್ಡು ಹಾಕುವ ಮುಂಚೆ ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ನನ್ನ ಕೆಲಸ ಏನು ಅಂತ ಗೊತ್ತಾದರೆ ಉಳಿದದ್ದು ಅರ್ಥವಾಗುತ್ತದೆ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ನಮ್ಮ ಅಡಿಕೆ ತೋಟ ಸಿಗುತ್ತದೆ, ಅದರ ಮೇಲೆ ಒಂದಿಷ್ಟು ಸೊಪ್ಪಿನ ಬೆಟ್ಟ. ನಾನಿರುವುದು ಬೆಂಗಳೂರಲ್ಲಿ, ತಿಂಗಳಿಗೆ ಎರಡು ಸಲ ಊರಿಗೆ ಹೋಗುತ್ತೇನೆ. ಹೋದಾಗೆಲ್ಲ ಬೇಲಿ ಬಿಡಿಸುವುದು, ಬಳ್ಳಿ ಕಡಿಯುವುದು, ದಾರಿಗೆ ಬಿದ್ದ ಬಿದಿರು ತೆಗೆಯುವುದು. ಆಗಾಗ ನಾನೂ ಭಾವನೂ ಬೆಟ್ಟದ ಮೇಲೆ ಟೆಂಟ್ ಹಾಕಿ ರಾತ್ರಿ ಉಳಿಯುತ್ತೇವೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ನಮ್ಮಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ ಇರಬಹುದು, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಿದ ವಸ್ತು ಅಂತ ಯಾವುದೂ ಇರುವುದಿಲ್ಲ.

ಆ ಹೊರದೇಶದ ಚಾಕುವಿನ ಅಲಗು ಚೆನ್ನಾಗಿತ್ತು. ನನಗೆ ಕಾಟ ಕೊಟ್ಟಿದ್ದು ಅದರ ಒರೆ.

ದಪ್ಪ ಚರ್ಮದ ಒರೆ, ನೋಡೋಕೆ ತುಂಬಾ ಚಂದ. ಮೊದಲ ಜುಲೈಯಲ್ಲಿ ಎರಡು ದಿನ ಸೊಂಟಕ್ಕೆ ಕಟ್ಟಿಕೊಂಡು ಓಡಾಡಿದೆ. ಚರ್ಮ ನೀರು ಕುಡಿಯಿತು. ಕುಡಿದ ನೀರನ್ನು ಬಿಡಲೇ ಇಲ್ಲ. ಮೂರನೇ ದಿನ ಚಾಕು ಎಳೆದರೆ ಕಪ್ಪು ಬಣ್ಣ ಹೋಗಿದ್ದ ಕಡೆಯೆಲ್ಲ, ಮುಖ್ಯವಾಗಿ ಬಾಯಿಯ (ಅಲಗಿನ ಹರಿತ ಅಂಚಿನ) ಉದ್ದಕ್ಕೂ, ಕೆಂಪು ತುಕ್ಕು. ಅದು ಹೆಚ್ಚು ಇಂಗಾಲದ ಉಕ್ಕು. ಒಳ್ಳೆ ಬಾಯಿ ನಿಲ್ಲುತ್ತದೆ, ಆದರೆ ತುಕ್ಕು ತಡೆಯುವಷ್ಟು ಕ್ರೋಮಿಯಂ ಅದರಲ್ಲಿ ಇರುವುದಿಲ್ಲ. ಮೇಲಿನ ಬಣ್ಣದ ಲೇಪ ಅಲಗಿನ ಬದಿಗಳನ್ನು ಕಾಯುತ್ತದೆ, ಬಾಯಿಯನ್ನು ಹೇಗೆ ಕಾಯುತ್ತದೆ? ಮಸೆದ ತಕ್ಷಣ ಅಲ್ಲಿ ಲೇಪ ಹೋಯಿತಲ್ವಾ.

ಒರೆ ಒಣಗಲಿ ಅಂತ ಬಚ್ಚಲೊಲೆಯ ಹತ್ತಿರ ಇಟ್ಟೆ. ಅದು ನನ್ನ ತಪ್ಪು. ಚರ್ಮ ಕುಗ್ಗಿ ಮರದ ಹಾಗೆ ಗಟ್ಟಿಯಾಯಿತು. ಬೆಳಿಗ್ಗೆ ಚಾಕುವನ್ನು ಒತ್ತಿ ತುರುಕಿದೆ, ಹೋಯಿತು. ಮಧ್ಯಾಹ್ನ ಎಳೆದರೆ ಬರಲಿಲ್ಲ. ಎಡಗೈಲಿ ಒರೆ ಹಿಡಿದು ಜೋರಾಗಿ ಎಳೆದಾಗ ಬಾಯಿ ಹೊಲಿಗೆಯನ್ನು ಸೀಳಿಕೊಂಡು ಹೊರಬಂತು, ಅಲ್ಲೇ ನನ್ನ ಹೆಬ್ಬೆರಳಿತ್ತು. ನಾಲ್ಕು ಹೊಲಿಗೆ ಬಿತ್ತು. ಒರೆಯೊಳಗಿನ ಬಾಯಿ ಬೆರಳಿನ ಕಡೆ ಬರುವ ಹಾಗೆ ಯಾವತ್ತೂ ಹಿಡಿಯಬೇಡಿ. ಒರೆಯ ಬೆನ್ನಿನ ಕಡೆಯಿಂದ ಹಿಡಿಯಿರಿ.

ಮುಂದಿನ ವರ್ಷ ನೈಲಾನ್ ಒರೆ ತಂದೆ. ಅದು ಬೂಸಲು ಹಿಡಿಯಲಿಲ್ಲ, ಆದರೆ ಕೆಸರು ಒಳಗೆ ಹೋಗಿ ಕೂರುತ್ತಿತ್ತು, ಒಂದು ಸಲ ಪಟ್ಟಿಯ ಮಡಿಕೆಯಲ್ಲಿ ಮೂರು ಉಂಬಳ ಕೂತಿದ್ದವು. ಆಮೇಲೆ 1,800 ಕೊಟ್ಟು ಗಟ್ಟಿ ಪ್ಲಾಸ್ಟಿಕ್ಕಿನ ಕೈಡೆಕ್ಸ್ ಒರೆ ಮಾಡಿಸಿದೆ. ಮೂರರಲ್ಲಿ ಇದೇ ವಾಸಿ. ತಳದಲ್ಲಿ ತೂತಿದೆ, ನೀರು ಇಳಿದುಹೋಗುತ್ತದೆ, ತೊಳೆಯಬಹುದು. ಆದರೆ ಮರಳಿನ ಕಣ ಒಳಗೆ ಸೇರಿದರೆ ಪ್ರತಿ ಸಲ ಹಾಕಿ ತೆಗೆಯುವಾಗಲೂ ಅಲಗನ್ನು ಗೀಚುತ್ತದೆ. ಅಲ್ಲಿಗೆ ಒಟ್ಟು ಖರ್ಚು 16,000 ದಾಟಿತ್ತು, ಒಂದು ಚಾಕುವಿಗೆ.

ಇನ್ನು ದಪ್ಪದ ವಿಷಯ. ಬೆನ್ನಿನ ದಪ್ಪ 6 ಮಿಲಿಮೀಟರ್, ತೂಕ ಅರ್ಧ ಕಿಲೋ ಹತ್ತಿರ. ಸೌದೆ ಮೇಲೆ ಇಟ್ಟು ಬೆನ್ನಿಗೆ ಕೊರಡಿನಿಂದ ಹೊಡೆದು ಸೀಳುವುದಕ್ಕೆ ಇದರಷ್ಟು ಒಳ್ಳೆಯದು ನಾನು ಬೇರೆ ನೋಡಿಲ್ಲ. ಆದರೆ ಬೀಸಿ ಕಡಿಯಲು ಹೋದರೆ ಆ ತೂಕವೆಲ್ಲ ಮುಷ್ಟಿಯ ಹತ್ತಿರವೇ ಇರುತ್ತದೆ, ತುದಿಯಲ್ಲಿ ಇರುವುದಿಲ್ಲ. ಹಸಿ ಬಿದಿರಿನ ಮೇಲೆ ಪುಟಿಯುತ್ತದೆ. ಅಲಗಿನ ಉದ್ದ ಐದೂಕಾಲು ಇಂಚು, ಹಾಗಾಗಿ ಬಳ್ಳಿ ಕಡಿಯಬೇಕಾದರೆ ಕೈಯನ್ನೇ ಮುಳ್ಳಿನೊಳಗೆ ಹಾಕಬೇಕು. ಸೌತೆಕಾಯಿ ಹೆಚ್ಚಲು ಹೋದರೆ ಹೋಳು ಮಾಡುವ ಬದಲು ಸೀಳುತ್ತದೆ.

ಎರಡನೆಯದು ಖುಕುರಿ, ನೇಪಾಳದ ಬಾಗಿದ ಕತ್ತಿ. ತಂದಿದ್ದು ಕಠ್ಮಂಡುವಿನಿಂದ, 11 ಇಂಚಿನದು. ಹೊಡೆತಕ್ಕೆ ಇದು ರಾಜ. ಮುಂದಕ್ಕೆ ಬಾಗಿರುವುದರಿಂದ ತೂಕ ತುದಿ ಕಡೆ ಇದೆ, ತೋಳಿನಷ್ಟು ದಪ್ಪದ ಕೊಂಬೆ ನಾಲ್ಕೇಟಿಗೆ ಬೀಳುತ್ತದೆ. ಜೊತೆಗೆ ಬರುವ ಎರಡು ಪುಟ್ಟ ಅಲಗುಗಳಲ್ಲಿ ಕರ್ದಾ ಸಣ್ಣ ಕೆಲಸಕ್ಕೆ, ಚಕ್ಮಕ್ ಬಾಯಿ ತಿದ್ದುವುದಕ್ಕೆ. ತೊಂದರೆ ಮತ್ತೆ ಅದೇ, ಚರ್ಮ ಸುತ್ತಿದ ಮರದ ಒರೆ ನಮ್ಮ ಮಳೆಯಲ್ಲಿ ಉಬ್ಬಿತು. ಬೇಸಿಗೆಯಲ್ಲಿ ಇವತ್ತಿಗೂ ಬಳಸುತ್ತೇನೆ.

ಹಿಡಿಯೊಳಗೆ ಬೆಂಕಿಕಡ್ಡಿ, ದಿಕ್ಸೂಚಿ ಇಡುವ ಟೊಳ್ಳು ಹಿಡಿಯ ಚಾಕುಗಳಿವೆಯಲ್ಲ, ಅವನ್ನು ಕೊಳ್ಳಬೇಡಿ. ಅಲಗಿನ ಬಾಲ ಹಿಡಿಯೊಳಗೆ ಉದ್ದಕ್ಕೆ ಹೋಗಿರುವುದಿಲ್ಲ. ಭಾವನದು ಮೂರನೇ ಏಟಿಗೆ ಎರಡಾಯಿತು, ಅಲಗು ಹಾರಿ ನಮ್ಮಿಬ್ಬರ ನಡುವೆ ಬಿತ್ತು.

ಮೋರಾ ಕಂಪ್ಯಾನಿಯನ್ ಬಗ್ಗೆ ಮಾತ್ರ ಪ್ರೀತಿಯಿಂದಲೇ ಬರೆಯಬೇಕು. ಸ್ವೀಡನ್ನಿನ ಮೋರಾ ಊರಲ್ಲಿ 1891ರಿಂದ ಬಂದ ಚಾಕು ಮಾಡುವ ಮನೆತನದ್ದು. ನನಗೆ 2,000ದ ಒಳಗೆ ಸಿಕ್ಕಿತು. ಸ್ಟೇನ್‌ಲೆಸ್, ನಾಲ್ಕು ಇಂಚು, ಬೆನ್ನು ಬರೀ ಎರಡೂವರೆ ಮಿಲಿಮೀಟರ್. ಪ್ಲಾಸ್ಟಿಕ್ ಒರೆ, ನೀರು ನಿಲ್ಲುವುದಿಲ್ಲ, ಒದ್ದೆ ಕೈಯಲ್ಲೂ ಹಿಡಿ ಜಾರುವುದಿಲ್ಲ. ಎರಡೂ ಬದಿಯ ಇಳಿಜಾರು ಅಗಲವಾಗಿದೆ, ಅದನ್ನು ಕಲ್ಲಿನ ಮೇಲೆ ಹಾಗೇ ಮಲಗಿಸಿ ಉಜ್ಜಿದರೆ ಸಾಕು, ಕೋನ ತಾನೇ ಸರಿ ಬರುತ್ತದೆ. ಮಸೆಯಲು ಬಾರದವರಿಗೂ ಬರುತ್ತದೆ. ತರಕಾರಿ, ಹಗ್ಗ, ಟೆಂಟಿನ ಗೂಟ ಚೂಪು ಮಾಡುವುದು, ಒದ್ದೆ ಕಟ್ಟಿಗೆಯ ಸಿಪ್ಪೆ ತೆಗೆದು ಒಳಗಿನ ಒಣ ತಿರುಳನ್ನು ತೆಳ್ಳಗೆ ಕೆತ್ತಿ ಬೆಂಕಿ ಹೊತ್ತಿಸುವುದು, ಇದೆಲ್ಲ ಇದರಲ್ಲೇ. ಕಡಿಯುವ ಕೆಲಸಕ್ಕೆ ಇದನ್ನು ಮಾಡಿಲ್ಲ, ನಾನೂ ಕೇಳುವುದಿಲ್ಲ.

ಈಗ ಕತ್ತಿ.

ಎರಡನೇ ಮಳೆಗಾಲ ಮುಗಿದ ಮೇಲೆ ಆಚಾರ್ರ ಕುಲುಮೆಗೆ ಹೋದೆ. ನನ್ನ ದಪ್ಪ ಚಾಕುವನ್ನು ಕೈಯಲ್ಲಿ ತೂಗಿ ನೋಡಿದರು. "ಉಕ್ಕು ಒಳ್ಳೇದೇ ಮಾರಾಯ್ರೆ, ಆದ್ರೆ ಇದು ಇಲ್ಲಿಯ ಕೆಲಸಕ್ಕೆ ಹುಟ್ಟಿದ್ದಲ್ಲ" ಅಂದರು. ಗುಜರಿಯಿಂದ ತಂದ ಪ್ಲೇಟಿನ ತುಂಡು ತೋರಿಸಿದರು. ಲಾರಿಯ ಭಾರಕ್ಕೆ ವರ್ಷಗಟ್ಟಲೆ ಬಾಗಿ ಮತ್ತೆ ನೆಟ್ಟಗಾಗುವ ಉಕ್ಕು ಅದು, ಮುರಿಯುವುದಕ್ಕಿಂತ ಬಾಗುವುದೇ ಅದರ ಗುಣ. ಹತ್ತು ಇಂಚು ಉದ್ದ, ತುದಿ ಮುಂದಕ್ಕೆ ಬಾಗಿರಲಿ, ಹಿಡಿಯ ಹತ್ತಿರ ಐದು ಮಿಲಿಮೀಟರ್, ತುದಿಗೆ ಹೋಗುತ್ತಾ ಮೂರು ಅಂತ ಮಾತಾಯಿತು. ಪೇರಲೆ ಮರದ ಹಿಡಿ, ಅದರ ತುದಿಗೆ ಅಣಸು, ಅಂದರೆ ಲೋಹದ ಬಳೆ. ನನ್ನ ಕೈ ಅಳತೆ ನೋಡಿಯೇ ಹಿಡಿ ಕೆತ್ತಿದರು.

ಮೊದಲ ವಾರದಲ್ಲೇ ಬಿದಿರಿನ ಗಂಟಿಗೆ ತಾಗಿ ಬಾಯಿಯ ಒಂದು ಚೂರು ಹಾರಿತು. ಬೇಜಾರಾಯಿತು, ಸುಳ್ಳು ಯಾಕೆ. ವಾಪಸ್ ತಗೊಂಡು ಹೋದೆ. "ಹದ ಸ್ವಲ್ಪ ಗಟ್ಟಿಯಾಯ್ತು" ಅಂತ ಅವರೇ ಹೇಳಿ, ಮತ್ತೆ ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದರು. ಆಮೇಲೆ ಉಜ್ಜಿ ಬೆಳ್ಳಗೆ ಮಾಡಿ ಬೆನ್ನಿನ ಕಡೆಯಿಂದ ನಿಧಾನ ಬಿಸಿ ಕೊಟ್ಟರು. ಉಕ್ಕಿನ ಮೇಲೆ ಗೋಧಿ ಬಣ್ಣ ಬಂತು, ಕಂದಾಯಿತು, ಬಾಯಿ ನೇರಳೆಗೆ ತಿರುಗುತ್ತಿದ್ದಂತೆ ತಣಿಸಿದರು. ಗೋಧಿ ಬಣ್ಣಕ್ಕೇ ನಿಲ್ಲಿಸಿದರೆ ಗಟ್ಟಿ ಜಾಸ್ತಿ, ಚೂರು ಹಾರುತ್ತದೆ. ನೀಲಿ ದಾಟಿದರೆ ಬಾಯಿ ಮಡಚುತ್ತದೆ. ಅರ್ಧ ದಿನದ ಕೆಲಸ, ದುಡ್ಡು ತೆಗೆದುಕೊಳ್ಳಲಿಲ್ಲ. ಅದಾಗಿ ಮೂರು ಮಳೆಗಾಲ ಕಳೆದಿದೆ, ಬಾಯಿ ಹಾಗೇ ಇದೆ.

ತುಕ್ಕು ಇದಕ್ಕೂ ಹಿಡಿಯುತ್ತದೆ. ಆದರೆ ಕತ್ತಿಗೆ ಒರೆಯೇ ಇಲ್ಲ, ಸೊಂಟದ ಹಿಂದೆ ಕೊಕ್ಕೆಯಲ್ಲಿ ನೇತಾಡುತ್ತದೆ, ಅಲಗಿಗೆ ಗಾಳಿ ಆಡುತ್ತದೆ, ಮನೆಗೆ ಬಂದು ಒರೆಸಿ ಕೊಬ್ಬರಿ ಎಣ್ಣೆ ಸವರಿದರೆ ಮುಗಿಯಿತು. ಎರಡು ವರ್ಷ ಮೂರು ಒರೆಗಳ ಜೊತೆ ಒದ್ದಾಡಿದ ನನಗೆ ಇದು ಎಷ್ಟು ನೆಮ್ಮದಿ ಕೊಟ್ಟಿತು ಅಂತ ಹೇಳಲಾರೆ. ಟೆಂಟಿಗೆ ಹೋಗುವಾಗ ಮಾತ್ರ ಬ್ಯಾಗಿಗೆ ಹಾಕಬೇಕು. ಅದಕ್ಕೆ ಒದ್ದೆ ಅಡಿಕೆ ಹಾಳೆಯನ್ನು ಅಲಗಿನ ಅಳತೆಗೆ ಮಡಚಿ, ಸುತ್ತಲೂ ದಾರ ಕಟ್ಟಿ ಒಣಗಿಸುತ್ತೇನೆ, ಒಣಗಿದರೆ ಅದೇ ಆಕಾರಕ್ಕೆ ನಿಲ್ಲುತ್ತದೆ. ಬೂಸಲು ಬಂದರೆ ಎಸೆದು ಇನ್ನೊಂದು ಮಾಡುವುದು. ತೋಟದಲ್ಲಿ ಹಾಳೆಗೇನು ಬರ?

ಮಸೆಯುವುದಕ್ಕೆ ಹಲಗೆಯ ಮೇಲೆ ಬೆಣಚುಕಲ್ಲಿನ ಪುಡಿ, ಹತ್ತು ನಿಮಿಷ. ಒಂದೇ ಕೊರತೆ ಅಂದರೆ ಮಾರ್ಚ್ ಬಿಸಿಲಿಗೆ ಹಿಡಿ ಒಣಗಿ ಸ್ವಲ್ಪ ಸಡಿಲವಾಗುತ್ತದೆ, ಕಡಿಯುವ ಮುಂಚೆ ಅಲ್ಲಾಡಿಸಿ ನೋಡಲೇಬೇಕು.

ಕಾನೂನಿನ ಮಾತು ಒಂದಿದೆ, ಟ್ರೆಕ್ಕಿಂಗ್‌ಗೆ ಅಂತ ಕೊಳ್ಳುವವರು ದಯವಿಟ್ಟು ಓದಿ. 2016ರ ಆಯುಧ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಆಯುಧಗಳ ಪಟ್ಟಿಯಲ್ಲಿದೆ, ಖುಕುರಿಯ ಹೆಸರೂ ಇದೆ. ಮನೆಕೆಲಸಕ್ಕೆ, ಕೃಷಿಗೆ ಅಂತ ಮಾಡಿದವು ಅದರಲ್ಲಿ ಬರುವುದಿಲ್ಲ. ಆದರೆ ತೋಟದ ಕತ್ತಿಯನ್ನು ಹಿಡಿದುಕೊಂಡು ಪೇಟೆಯಲ್ಲಿ ತಿರುಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಂತೂ ಚಾಕು ಕೂಡ ಆಯುಧವೇ, ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಒಯ್ಯುವಂತಿಲ್ಲ. ಕುಮಾರಪರ್ವತ ಇರುವುದು ಪುಷ್ಪಗಿರಿ ಅಭಯಾರಣ್ಯದಲ್ಲಿ, ಕೊಡಚಾದ್ರಿ ಮೂಕಾಂಬಿಕಾ ಅಭಯಾರಣ್ಯದಲ್ಲಿ. ಅಲ್ಲಿಗೆ ಹೋಗುವವರಿಗೆ ಇಲ್ಲಿ ಬರೆದ ಯಾವುದೂ ಬೇಡ.

ಸ್ವಂತ ಜಾಗ ಇದ್ದು, ವರ್ಷದಲ್ಲಿ ನಾಲ್ಕು ತಿಂಗಳು ಒದ್ದೆಯಲ್ಲೇ ಕೆಲಸ ಇದ್ದರೆ ಕತ್ತಿ, ಜೊತೆಗೊಂದು ಮೋರಾ. ನನಗೆ ಎರಡೂ ಸೇರಿ 3,000 ದಾಟಲಿಲ್ಲ. ಊರಲ್ಲಿ ಕುಲುಮೆ ಇಲ್ಲದವರು ಮೋರಾದಿಂದ ಶುರು ಮಾಡಿ. ಒಣ ಸೀಮೆಯವರಾದರೆ, ಸೌದೆ ಸೀಳುವುದೇ ಮುಖ್ಯ ಕೆಲಸವಾದರೆ, ದುಡ್ಡೂ ಇದ್ದರೆ ಆ ದಪ್ಪ ಚಾಕು ತೆಗೆದುಕೊಳ್ಳಿ, ಒರೆ ಮಾತ್ರ ಮೊದಲ ದಿನವೇ ಪ್ಲಾಸ್ಟಿಕ್ಕಿನದು ಮಾಡಿಸಿ.

ನನ್ನ ದಪ್ಪ ಚಾಕು ಈಗ ಬಚ್ಚಲೊಲೆಯ ಪಕ್ಕ ಮೊಳೆಗೆ ನೇತುಹಾಕಿದೆ. ಅಮ್ಮ ಬೆಳಿಗ್ಗೆ ಒಲೆ ಹಚ್ಚುವಾಗ ಅದರಲ್ಲೇ ಚಕ್ಕೆ ಸೀಳುತ್ತಾರೆ. ಆಚಾರ್ರಿಗೆ ಏಳು ಇಂಚಿನ ಇನ್ನೊಂದು ಕತ್ತಿ ಹೇಳಿದ್ದೇನೆ, ಟೆಂಟಿನ ಬ್ಯಾಗಿಗೆ ಅಂತ. ದೀಪಾವಳಿ ಕಳೆದ ಮೇಲೆ ಬನ್ನಿ ಅಂದಿದ್ದಾರೆ.